ಅಪ್ಪ, ಆ 30 ಸುತ್ತಿನ ವಿಷಯ

ನೀಸ್, ಫ್ರಾನ್ಸ್
25 ಮೇ 2025, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಲ್ಲಿ ಮಳೆ ಜೋರಾಗಿದೆ ಅಂತ ಪುಟ್ಟ ಹೇಳಿದ. ಅಪ್ಪ, ಮಂಡಿನೋವು ಇಟ್ಟುಕೊಂಡು ಅಂಗಳದಲ್ಲಿ ಓಡಾಡಬೇಡಿ, ಪಾಚಿ ಜಾರುತ್ತದೆ.

ನಿನ್ನೆ ಮೊನಾಕೊದ ಕಾರ್ ರೇಸಿನಲ್ಲಿ ನಮ್ಮ ಕುಶ್ ಮೈನಿ ಗೆದ್ದಾಗ ಫೋನಿನಲ್ಲಿ ನಾನು ಕಿರುಚಿದ್ದು ಬಿಟ್ಟರೆ ನಿಮಗೆ ಬೇರೇನೂ ಕೇಳಿಸಿರಲಿಕ್ಕಿಲ್ಲ. ಆದರೆ ಅಪ್ಪ ಹೇಳಿದ್ದು ನನಗೆ ಸರಿಯಾಗಿಯೇ ಕೇಳಿಸಿತು. "ಮುಂದೆ ನಿಂತಿದ್ದವನು ಮುಂದೆಯೇ ಬಂದ, ಅದರಲ್ಲೇನಮ್ಮ ಹೆಚ್ಚುಗಾರಿಕೆ?" ಅಂದಿರಿ. ಆ ಗದ್ದಲದಲ್ಲಿ ಉತ್ತರ ಕೊಡಲು ಆಗಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಎರಡು ಗಂಟೆ ಸುಮಾರಿಗೆ ನಮ್ಮ ಕಡೆ ಕರೆಂಟ್ ಹೋಯಿತು. ಕತ್ತಲಲ್ಲಿ ಕೂತು ಅಪ್ಪನಿಗೆ ಏನು ಹೇಳಬೇಕು ಅಂತಲೇ ಯೋಚಿಸಿದೆ. ಈಗ ಕರೆಂಟ್ ಬಂದಿದೆ, ಕಾಫಿ ಮಾಡಿಕೊಂಡು ಬರೆಯಲು ಕೂತಿದ್ದೇನೆ.

ಇಲ್ಲಿಂದ ಮೊನಾಕೊಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಆದರೆ ನಿನ್ನೆ ಬಾಗಿಲಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ, ನಮ್ಮ ಜಾತ್ರೆ ಬಸ್ಸಿನ ಹಾಗೆ. ಅಲ್ಲಿ ಸಮುದ್ರದ ಪಕ್ಕ ಒಂದು ದೊಡ್ಡ ಬಂಡೆಗುಡ್ಡ ಇದೆ. ಮೇಲೆ ಮೊನಾಕೊ ದೊರೆಯ ಅರಮನೆ. ಗುಡ್ಡದ ಇಳಿಜಾರಿನಲ್ಲಿ ಕಡಿಮೆ ಟಿಕೆಟ್‌ನವರ ಜಾಗ. ಕುರ್ಚಿ ಇಲ್ಲ, ಮೊದಲು ಬಂದವರಿಗೆ ಒಳ್ಳೆ ಜಾಗ. ಬೆಳಿಗ್ಗೆಯೇ ಹೋಗಿ ಕಲ್ಲಿನ ಮೇಲೆ ಟವೆಲ್ ಹಾಸಿ ಕೂತೆ. ಅಮ್ಮ ಕಳಿಸಿದ್ದ ಚಟ್ನಿಪುಡಿ ಹಾಕಿ ಚಪಾತಿ ಸುತ್ತಿಕೊಂಡು ಹೋಗಿದ್ದೆ.

ಅಪ್ಪ, ಅದು ರೇಸಿಗೆ ಅಂತ ಕಟ್ಟಿದ ರಸ್ತೆ ಅಲ್ಲ. ಬೇರೆ ದಿನ ಊರಿನ ಬಸ್ಸು, ಸ್ಕೂಟರ್ ಓಡಾಡುವ ರಸ್ತೆ. ಎರಡೂ ಕಡೆ ಕಬ್ಬಿಣದ ತಡೆ ಹಾಕಿ ರೇಸ್ ಮಾಡುತ್ತಾರೆ. ಒಂದು ಸುತ್ತು 3.337 ಕಿಲೋಮೀಟರ್, ಅದರಲ್ಲಿ 19 ತಿರುವು. ಏರು, ಇಳಿಜಾರು, ಒಂದು ಸುರಂಗ ಬೇರೆ. ಬಿಸಿಲಿನಿಂದ ಸುರಂಗದ ಒಳಗೆ ನುಗ್ಗಿ ಮತ್ತೆ ಬಿಸಿಲಿಗೆ ಬರಬೇಕು, ಬಂದ ತಕ್ಷಣ ಬ್ರೇಕ್ ಒತ್ತಬೇಕು. ಒಂದು ತಿರುವಂತೂ ಚಾರ್ಮಾಡಿಯ ಹೇರ್‌ಪಿನ್ ತಿರುವಿನ ಹಾಗೇ ಇದೆ. ಪಕ್ಕದಲ್ಲಿ ಮಣ್ಣು, ಹುಲ್ಲು ಯಾವುದೂ ಇಲ್ಲ. ತಪ್ಪಿದರೆ ನೇರ ಕಬ್ಬಿಣಕ್ಕೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ್ದು ಸುಳ್ಳಲ್ಲ. ಕುಶ್ ಮೈನಿ ಮೊದಲ ಜಾಗದಲ್ಲೇ ನಿಂತು ಹೊರಟ. ಅದು ಶುಕ್ರವಾರದ ಅರ್ಹತಾ ಸುತ್ತಿನಲ್ಲಿ, ಅಂದರೆ ಯಾರು ಎಲ್ಲಿ ನಿಂತು ಹೊರಡಬೇಕು ಅಂತ ತೀರ್ಮಾನಿಸುವ ಸುತ್ತಿನಲ್ಲಿ, ಎಲ್ಲರಿಗಿಂತ ವೇಗವಾಗಿ ಓಡಿಸಿ ಪಡೆದ ಜಾಗವೂ ಅಲ್ಲ. ಅವನು ಓಡಿಸುವುದು ಫಾರ್ಮುಲಾ 2, ಅಂದರೆ ಎಫ್2; ಫಾರ್ಮುಲಾ 1 (ಎಫ್1)ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಅದರಲ್ಲಿ ಶನಿವಾರದ ಸಣ್ಣ ರೇಸಿಗೆ ಅರ್ಹತಾ ಸುತ್ತಿನ ಮೊದಲ 10 ಜನರನ್ನು ಹಿಂದುಮುಂದಾಗಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲನೆಯವನಾಗುತ್ತಾನೆ. ಅವನು ಹತ್ತನೆಯವನಾಗಿದ್ದ. ಇಷ್ಟೂ ನಿಜ.

ಆದರೆ ಅಲ್ಲಿಂದ ಮುಂದೆ 30 ಸುತ್ತು ಇದೆ. ಸುತ್ತಿಗೆ 19 ಅಂದರೆ ಒಟ್ಟು 570 ತಿರುವು. ಹಿಂದೆ ಇರುವ ಎಲ್ಲರೂ ಅವನ ಒಂದೇ ಒಂದು ತಪ್ಪಿಗೆ ಕಾಯುತ್ತಿರುತ್ತಾರೆ. ಇಲ್ಲಿ ರಸ್ತೆ ಕಿರಿದು, ಹಿಂದಿಕ್ಕಲು ಜಾಗವೇ ಇಲ್ಲ. ಮುಂದಿನವನು ತಪ್ಪಿದರೆ ಮಾತ್ರ ಹಿಂದಿನವನಿಗೆ ದಾರಿ. ಅವನು ತಪ್ಪಲಿಲ್ಲ. ಮೊದಲಿಂದ ಕೊನೆಯವರೆಗೆ ಅವನೇ ಮುಂದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಎಫ್2 ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಎಫ್1 ಕಾರಿಗೆ ಇದೆ, ಇದಕ್ಕಿಲ್ಲ. ನೀವು ಓಡಿಸುತ್ತಿದ್ದ ಹಳೆಯ ಬಸ್ಸಿನ ಕಾಲ ನೆನಪಿದೆಯಲ್ವಾ? ಕೊಟ್ಟಿಗೆಹಾರದಿಂದ ಉಜಿರೆಗೆ ಘಾಟಿ ಇಳಿದು, ಮತ್ತೆ ಹತ್ತಿ ಬಂದ ದಿನ ನಿಮ್ಮ ತೋಳು ಎತ್ತಲು ಆಗುತ್ತಿರಲಿಲ್ಲ. ಅಮ್ಮ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ನಿನ್ನೆ ಅವನ ಕಾರು ನಮ್ಮ ಕೆಳಗಿನ ರಾಸ್ಕಾಸ್ ತಿರುವಿಗೆ ಬಂದಾಗಲೆಲ್ಲ ನನಗೆ ಆ ತೋಳುಗಳೇ ನೆನಪಾದವು. ನಿಧಾನ ಮಾಡಿ, ಪೂರ್ತಿ ತಿರುಗಿಸಿ, ಗೋಡೆಗೆ ತಾಗದ ಹಾಗೆ ಹೊರಗೆ ತೆಗೆಯಬೇಕು. ಪ್ರತಿ ಸಲ ಉಸಿರು ಹಿಡಿದುಕೊಳ್ಳುತ್ತಿದ್ದೆ. 2010ರಲ್ಲಿ ಇದೇ ತಿರುವಿನಲ್ಲಿ ನಮ್ಮ ಕರುಣ್ ಚಂದೋಕ್ ಅವರ ಎಫ್1 ಕಾರಿನ ಮೇಲೆ ಇನ್ನೊಂದು ಕಾರು ಹತ್ತಿಬಿಟ್ಟಿತ್ತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ.

ಇಷ್ಟೊಂದು ಯಾಕೆ ಹಚ್ಚಿಕೊಂಡಿದ್ದೀಯ ಅಂತ ಅಮ್ಮ ಕೇಳುತ್ತಾಳೆ. ಅವನು ಬೆಂಗಳೂರಿನ ಹುಡುಗ ಅನ್ನುವುದು ಮೊದಲ ಕಾರಣ, ಸುಮ್ನೆ ಮುಚ್ಚಿಡುವುದಿಲ್ಲ. ಚಿಕ್ಕಪ್ಪನ ಬೀದಿಯಲ್ಲಿ ಒಂದು ಪುಟ್ಟ ರೇವಾ ಕಾರು ನಿಂತಿರುತ್ತಿತ್ತಲ್ಲ, ಕರೆಂಟಿನಲ್ಲಿ ಓಡುವುದು? ಅದನ್ನು ತಂದ ಚೇತನ್ ಮೈನಿ ಇವನ ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನವರು. ಅಣ್ಣ ಅರ್ಜುನ್ ಕೂಡ ರೇಸರ್, ಜರ್ಮನಿಯ ಡಿಟಿಎಂ ಅನ್ನುವ ಕಾರ್ ರೇಸ್ ಸರಣಿಯಲ್ಲಿ ಓಡಿಸುತ್ತಾನೆ.

ಆದರೆ ನಾನು ನಿಜವಾಗಿ ಅವನ ಕಡೆಯವಳಾದದ್ದು ಹೋದ ವರ್ಷ. ಬಹ್ರೇನ್‌ನಲ್ಲಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದ. ಆಮೇಲೆ ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದಲಿಲ್ಲ ಅಂತ ಆ ಜಾಗ ಕಿತ್ತುಕೊಂಡರು. ಕೊನೆಯಿಂದ ಹೊರಡಬೇಕಾಯಿತು. ಜುಲೈನಲ್ಲಿ ಬುಡಾಪೆಸ್ಟ್‌ನಲ್ಲಿ ಎರಡನೆಯವನಾಗಿ ಬಂದ. ರೇಸ್ ಮುಗಿದ ಮೇಲೆ ಮೊದಲನೆಯವನನ್ನು ಅನರ್ಹ ಮಾಡಿ ಗೆಲುವು ಇವನಿಗೆ ಕೊಟ್ಟರು. ಮೊದಲ ಗೆಲುವು ಬಂತು, ಆದರೆ ಬಹುಮಾನದ ವೇದಿಕೆಯ ಮೇಲಿನ ಮೆಟ್ಟಿಲಿನಲ್ಲಿ ನಿಲ್ಲುವ ಭಾಗ್ಯ ಬರಲಿಲ್ಲ. ಅದು ನನಗೆ ತುಂಬಾ ಬೇಜಾರಾಗಿತ್ತು.

ಸೆಪ್ಟೆಂಬರಿನಲ್ಲಿ ಬಾಕುವಿನಲ್ಲಿ ಆದದ್ದನ್ನು ಅಮ್ಮನಿಗೆ ನಾನು ಹೇಳಿಯೇ ಇಲ್ಲ. ಹೊರಡುವ ಸೂಚನೆಯ ದೀಪ ಆರಿ ಎಲ್ಲರೂ ಹೊರಟಾಗ ಅವನ ಕಾರು ನಿಂತಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬಂದ ಕಾರು ಗುದ್ದಿತು, ಇನ್ನೊಂದೂ ಅದರಲ್ಲಿ ಸಿಕ್ಕಿಕೊಂಡಿತು. ಮೂವರಿಗೂ ದೊಡ್ಡ ಪೆಟ್ಟಾಗಲಿಲ್ಲ ಅಂತ ತಿಳಿಯುವವರೆಗೆ ನನ್ನ ಕೈ ನಡುಗುತ್ತಿತ್ತು. ಆ ವರ್ಷ ಅವನದೇ ತಂಡದ ಇನ್ನೊಬ್ಬ ಹುಡುಗ, ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ, ಚಾಂಪಿಯನ್ ಆಗಿ ಎಫ್1ಗೆ ಹೋದ. ನಮ್ಮವನು 13ನೇ ಜಾಗದಲ್ಲಿ ಉಳಿದ. ಪಕ್ಕದಲ್ಲೇ ಇದ್ದವನು ಮೇಲೆ ಹೋಗುವುದನ್ನು ನೋಡಿಕೊಂಡು, ಮತ್ತೆ ಹೊಸ ತಂಡ ಸೇರಿ, ಮತ್ತೆ ಹೆಲ್ಮೆಟ್ ಹಾಕಿಕೊಂಡು ಬಂದು ಕೂತನಲ್ಲ, ಅದೇ ನನಗೆ ಅವನ ಮೇಲೆ ಪ್ರೀತಿ ಬರಲು ಕಾರಣ. ಈಗ ಆಲ್ಪೀನ್ ಎಫ್1 ತಂಡದ ಮೀಸಲು ಚಾಲಕನೂ ಹೌದು.

ಅಮ್ಮ, "ಅದು ದುಡ್ಡಿದ್ದವರ ಆಟ" ಅಂತೀಯಲ್ಲ, ಅದನ್ನೂ ನಾನು ಇಲ್ಲ ಅನ್ನುವುದಿಲ್ಲ. ದುಡ್ಡಿಲ್ಲದೆ ಈ ಆಟಕ್ಕೆ ಕಾಲಿಡಲು ಆಗುವುದಿಲ್ಲ. ಎಷ್ಟೋ ಒಳ್ಳೆಯ ಹುಡುಗರು ಅದರಿಂದಲೇ ಅರ್ಧಕ್ಕೆ ಬಿಟ್ಟಿದ್ದಾರೆ. ಆದರೆ ದುಡ್ಡು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ ಅಷ್ಟೆ. ಒಳಗೆ ಹೋದ ಮೇಲೆ ಸ್ಟೀರಿಂಗ್ ಅವನೇ ಹಿಡಿಯಬೇಕಲ್ವಾ? ನಮ್ಮ ದೇಶದಿಂದ ಎಫ್1ನಲ್ಲಿ ರೇಸ್ ಓಡಿಸಿದವರು ಇದುವರೆಗೆ ಇಬ್ಬರೇ, ನಾರಾಯಣ್ ಕಾರ್ತಿಕೇಯನ್ ಮತ್ತು ಚಂದೋಕ್. 2012ರ ಮೇಲೆ ಯಾರೂ ಇಲ್ಲ. ಮೊನಾಕೊದಲ್ಲಿ ಎಫ್2 ರೇಸ್ ಗೆದ್ದ ಮೊದಲ ಭಾರತೀಯ ಇವನೇ.

ನಾನು ಕೂತಲ್ಲಿಂದ ಬಹುಮಾನದ ಜಾಗ ಕಾಣುವುದಿಲ್ಲ. ದೊಡ್ಡ ಪರದೆಯಲ್ಲಿ ನೋಡಿದೆ. ಅವನು ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದ. ಸ್ಪೀಕರಿನಲ್ಲಿ ಜನಗಣಮನ ಶುರುವಾಯಿತು. ಗುಡ್ಡದ ತುಂಬ ಬೇರೆ ಬೇರೆ ದೇಶದವರು. ಸುಮಾರು ಜನ ಮುಂದಿನ ಎಫ್1ಗೆ ಕಾಯುತ್ತಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾನು ಎದ್ದು ನಿಂತೆ. ಸ್ವಲ್ಪ ಕೆಳಗೆ ಒಂದು ಕುಟುಂಬವೂ ಎದ್ದು ನಿಂತಿತು. ಅವರು ಯಾವ ಊರಿನವರೋ ಗೊತ್ತಿಲ್ಲ, ಆದರೆ ಬಾಯಿ ಆಡುತ್ತಿತ್ತು. ನನಗೆ ಎರಡನೇ ಸಾಲು ಬರುವಷ್ಟರಲ್ಲಿ ಗಂಟಲು ಕಟ್ಟಿತು. ನಿಮಗೆ ಫೋನ್ ಮಾಡಿದ್ದು ಅದು ಮುಗಿದ ತಕ್ಷಣವೇ.

ಅಪ್ಪ, ಒಂದು ಕೆಲಸ ಮಾಡಿ. ಆ ರೇಸಿನ ವಿಡಿಯೋವನ್ನು ಪುಟ್ಟ ಮೊಬೈಲಿನಲ್ಲಿ ಹಾಕಿ ಕೊಡಲಿ. ಡ್ರೈವರ್ ತಲೆಯ ಹತ್ತಿರದ ಕ್ಯಾಮೆರಾದಿಂದ ತೋರಿಸುತ್ತಾರಲ್ಲ, ಆಗ ಕಾರನ್ನು ನೋಡಬೇಡಿ, ಅವನ ಕೈ ನೋಡಿ. ಹೇರ್‌ಪಿನ್‌ನಲ್ಲಿ ಎಷ್ಟು ತಿರುಗಿಸುತ್ತಾನೆ, ಎಲ್ಲಿ ಬಿಡುತ್ತಾನೆ ನೋಡಿ. ನನಗಿಂತ ನಿಮಗೆ ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ವಾರ ಬಾರ್ಸಿಲೋನಾದಲ್ಲಿ ಓಡಿಸುತ್ತಾನೆ. ಅಷ್ಟರೊಳಗೆ ನೋಡಿ, ಅವನ ಕೈ ಹೇಗಿದೆ ಅಂತ ನನಗೆ ಫೋನ್ ಮಾಡಿ ಹೇಳಿ.

ಅಮ್ಮ, ಚಟ್ನಿಪುಡಿ ಇನ್ನೊಂದು ವಾರಕ್ಕೆ ಆಗುತ್ತದೆ. ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸು.

ನಿಮ್ಮ ಪ್ರೀತಿಯ ಮಗಳು