‘ನಿದ್ದೆಗೆ ಜಾರಿದರು’ ಎಂದು ಬರೆಯುವ ಮುನ್ನ

ಬೆಳಗಾವಿ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ಮುಧೋಳದಿಂದ ನೀನು ಕಳಿಸಿದ ಕಥೆ ಕೈಸೇರಿತು. ಕಬ್ಬು ಹೇರಿಕೊಂಡು ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವ ಟ್ರ್ಯಾಕ್ಟರ್ ಚಾಲಕನನ್ನು ಕಥೆಗೆ ತಂದಿದ್ದೀಯಲ್ಲ, ಅದಕ್ಕೆ ನಿನ್ನ ಬೆನ್ನು ತಟ್ಟಬೇಕು. ಆ ಬದುಕು ನಿನ್ನ ಕಣ್ಣಳತೆಯಲ್ಲೇ ಇದೆ. ಆದರೆ ಒಂದು ಕಡೆ ನನ್ನ ಓದು ತಡವರಿಸಿತು. ಚಾಲಕ, ಅವನ ಹಾಸಿಗೆ ಹಿಡಿದ ತಾಯಿ, ಅವರ ಊರಿನ ಗೌಡರು, ಎಲ್ಲರೂ ನಿನ್ನ ಕಥೆಯಲ್ಲಿ ‘ನಿದ್ದೆಗೆ ಜಾರಿದರು’. ಒಬ್ಬರ ನಿದ್ದೆ ಇನ್ನೊಬ್ಬರದರಂತೆ ಇರುವುದಿಲ್ಲ, ತಂಗಿ. ಅದರಲ್ಲೂ ಚಿಕ್ಕ ನಿದ್ದೆ, ಅರ್ಧಂಬರ್ಧ ನಿದ್ದೆ ಮನುಷ್ಯನ ಕೆಲಸ, ವಯಸ್ಸು, ಸ್ಥಿತಿಗತಿಯನ್ನೆಲ್ಲ ಹೇಳಿಬಿಡುತ್ತದೆ.

ನಿನ್ನ ಚಾಲಕನನ್ನೇ ನೋಡು. ಟ್ರ್ಯಾಕ್ಟರಿನ ಆಸನದಲ್ಲಿ ಒರಗಲು ಜಾಗವಿಲ್ಲ. ಹಿಂದೆ ಕಬ್ಬು ತುಂಬಿದ ಎರಡು ಟ್ರೇಲರ್. ಮುಂದಿನ ಗಾಡಿ ಒಂದು ಮಾರು ಸರಿದರೂ ಸಾಕು, ಹಿಂದಿನವನು ಹಾರನ್ ಒತ್ತುತ್ತಾನೆ. ಇಂಥ ಕಡೆ ಯಾರೂ ಜಾರುವುದಿಲ್ಲ, ತೂಕಡಿಸುತ್ತಾರೆ. ತೂಕಡಿಕೆಗೆ ಕುಳಿತ ದೇಹ ಬೇಕು, ನಿಲ್ಲಲಾರದ ಕುತ್ತಿಗೆ ಬೇಕು. ಗದ್ದ ಎದೆಗೆ ತಾಗುತ್ತದೆ, ತಲೆ ಥಟ್ಟನೆ ಮೇಲೇಳುತ್ತದೆ, ಮತ್ತೆ ವಾಲುತ್ತದೆ. ಅವನು ಸ್ಟೀರಿಂಗಿನ ಮೇಲೆ ಎರಡೂ ತೋಳಿಟ್ಟು, ಅದರ ಮೇಲೆ ಹಣೆಯಿಟ್ಟರೆ ಕಣ್ಣು ಹತ್ತಬಹುದು. ನಮ್ಮ ಕಡೆಯ ಈ ‘ಕಣ್ಣು ಹತ್ತಿತು’ ಎಂಬ ಮಾತು ನನಗೆ ಬಹಳ ಇಷ್ಟ. ನಿದ್ದೆ ಬಂದ ಗಳಿಗೆಯನ್ನಷ್ಟೇ ಅದು ಹೇಳುತ್ತದೆ, ಎಷ್ಟು ಹೊತ್ತು ಇತ್ತು ಎಂಬುದನ್ನು ಮುಂದಿನ ವಾಕ್ಯಕ್ಕೆ ಬಿಡುತ್ತದೆ. ಬಾರದಿದ್ದಾಗ ‘ರೆಪ್ಪೆಗೆ ರೆಪ್ಪೆ ಹಚ್ಚಲಿಲ್ಲ’ ಎನ್ನುತ್ತೇವೆ. ಈ ಎರಡರ ನಡುವೆಯೇ ಅವನ ಇಡೀ ರಾತ್ರಿಯನ್ನು ಬರೆಯಬಹುದು.

ನಿನ್ನ ಕಥೆಯ ಗೌಡರು ಊಟವಾದ ಮೇಲೆ ಪಡಸಾಲೆಯಲ್ಲಿ ಎಡಮಗ್ಗುಲಾಗುತ್ತಾರೆ. ಅದು ವಾಮಕುಕ್ಷಿ. ಹೊಟ್ಟೆ ತುಂಬಿದವರ, ಬಿಡುವುಳ್ಳವರ ಪದ. ಅದೇ ಮಧ್ಯಾಹ್ನ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳು ಬದುವಿನ ಮೇಲೆ ತಲೆಗೆ ಸೆರಗು ಸುತ್ತಿಕೊಂಡು ಮಲಗಿದರೆ ಅವಳು ಅಡ್ಡಾದಳು ಎಂದು ಬರೆ. ಅವಳ ನಿದ್ದೆಗೆ ವಾಮಕುಕ್ಷಿ ಎಂದರೆ ಅವಳನ್ನು ಹಂಗಿಸಿದಂತಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಪದಕೋಶ ತೆರೆದು ಜೊಂಪು, ಮಂಪರು, ಕೋಳಿನಿದ್ದೆ, ನಾಯಿನಿದ್ದೆ ಎಂದು ಪುಟಕ್ಕೊಂದು ಪೋಣಿಸಬೇಡ. ಪದ ಹುಡುಕುವ ಮೊದಲು ಒಂದೇ ಪ್ರಶ್ನೆ ಕೇಳಿಕೋ: ಈ ಮನುಷ್ಯ ಯಾವುದಕ್ಕೆ ಎಚ್ಚರಗೊಳ್ಳುತ್ತಾನೆ? ಹಗುರ ನಿದ್ದೆಯ ಗುಟ್ಟೆಲ್ಲ ಅಲ್ಲಿದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರಲ್ಲ, ಆ ಹಿಂಡಿನ ಪಕ್ಕ ಕಂಬಳಿ ಹೊದ್ದ ಕುರುಬ ಗಾಳಿಗೆ ಏಳುವುದಿಲ್ಲ, ರಸ್ತೆಯ ಲಾರಿಗೂ ಏಳುವುದಿಲ್ಲ. ಕುರಿಗಳು ಒಮ್ಮೆಲೇ ಒತ್ತೊತ್ತಾಗಿ ಸರಿದರೆ ಎದ್ದು ನಿಂತಿರುತ್ತಾನೆ, ತೋಳದ ಭಯ. ಅದು ನಾಯಿನಿದ್ದೆ. ವಿದ್ಯಾರ್ಥಿಯ ಐದು ಲಕ್ಷಣಗಳನ್ನು ಹೇಳುವ ಸಂಸ್ಕೃತ ಸುಭಾಷಿತದಲ್ಲಿ ಶ್ವಾನನಿದ್ರೆಯೂ ಒಂದು. ಅಲ್ಲಿ ಅದು ಶಿಸ್ತು, ಕುರುಬನಿಗೆ ಅದು ಹೊಟ್ಟೆಪಾಡು. ಇನ್ನು ರಬಕವಿ-ಬನಹಟ್ಟಿಯ ನೇಕಾರನ ಕಥೆಯೇ ಬೇರೆ. ವಿದ್ಯುತ್ ಮಗ್ಗಗಳ ಆ ಕಿವಿಗಡಚಿಕ್ಕುವ ಸದ್ದಿನಲ್ಲೇ ಗೋಡೆಗೊರಗಿ ಅವನಿಗೆ ಜೊಂಪು ಹತ್ತುತ್ತದೆ. ಎಳೆ ಕಡಿದು ಒಂದು ಮಗ್ಗ ನಿಂತಿತೋ, ಕಣ್ಣು ತೆರೆಯುತ್ತಾನೆ. ಅವನನ್ನು ಎಬ್ಬಿಸುವುದು ನಿಂತ ಸದ್ದು.

ಮಂಪರಿನ ವಿಷಯದಲ್ಲಿ ಎಚ್ಚರವಾಗಿರು. ಜ್ವರದ, ಔಷಧಿಯ, ಅರಿವಳಿಕೆ ಇಳಿಯುವ ಹೊತ್ತಿನ ಸ್ಥಿತಿ ಅದು. ನಿನ್ನ ಚಾಲಕನ ತಾಯಿಗೆ ಸರಿಹೊಂದುತ್ತದೆ. ಆದರೆ ಪತ್ರಿಕೆಗಳು ‘ಮಂಪರು ಪರೀಕ್ಷೆ’ ಎಂದು ಬರೆದು ಬರೆದು ಆ ಪದಕ್ಕೆ ಪೊಲೀಸ್ ಠಾಣೆಯ ವಾಸನೆ ಅಂಟಿಸಿವೆ. ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದೂ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ. ಹಾಗಾಗಿ ತಾಯಿಯ ತಲೆದಿಂಬಿನ ಬಳಿ ಗುಳಿಗೆಯ ಚೀಟಿಯನ್ನೋ ಕಷಾಯದ ಲೋಟವನ್ನೋ ಮೊದಲು ತೋರಿಸು, ಆಮೇಲೆ ಮಂಪರು ಎನ್ನು.

ಸಂಭಾಷಣೆಗೂ ಇದು ಒದಗುತ್ತದೆ. ನಿದ್ದೆಯ ಮೊದಲ ಹಂತ ಕೆಲವೇ ನಿಮಿಷಗಳದು. ಆಗ ಎಬ್ಬಿಸಿದರೆ ಬಹಳ ಮಂದಿ ‘ನಾನು ಮಲಗಿರಲೇ ಇಲ್ಲ’ ಎಂದು ವಾದಿಸುತ್ತಾರೆ. ಅದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿರುತ್ತದೆ. ನಿನ್ನ ಕಥೆಯಲ್ಲಿ ಕಾರ್ಖಾನೆಯ ಕಾವಲುಗಾರ ಚಾಲಕನನ್ನು ಗದರುವ ಕಡೆ ಚಾಲಕ ತಲೆತಗ್ಗಿಸಿ ಕ್ಷಮೆ ಕೇಳುತ್ತಾನೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಅವನು ಜಗಳಕ್ಕೆ ನಿಲ್ಲಲಿ. ಕೆನ್ನೆಯ ಮೇಲೆ ಸ್ಟೀರಿಂಗಿನ ಗೆರೆ ಮೂಡಿದೆ, ಆದರೂ ಎಚ್ಚರವಿದ್ದೆ ಎಂದು ಆಣೆ ಮಾಡುತ್ತಾನೆ. ಅಲ್ಲಿ ನಿನ್ನ ಕಥೆಗೆ ಜೀವ ಬರುತ್ತದೆ.

ಬೆಳಗಿನ ಜಾವದ ಆ ಕೊನೆಯ ಪುಟದಲ್ಲಿ ‘ಸಕ್ಕರೆ ನಿದ್ದೆ’ ಎಂದು ಬರೆದಿದ್ದೀಯ. ಇಲ್ಲಿನ ಮರಾಠಿ ನೆರೆಹೊರೆಯವರೂ ‘ಸಾಖರಝೋಪ’ ಎನ್ನುತ್ತಾರೆ. ಸೊಗಸಾದ ಪದವೇ. ಆದರೆ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಕಾಯುವವನಿಗೆ ಅದನ್ನು ಹಚ್ಚಿದರೆ ಲೇಖಕಿ ಪದದ ಚಮತ್ಕಾರ ತೋರುತ್ತಿದ್ದಾಳೆ ಎನ್ನಿಸುತ್ತದೆ. ತೆಗೆದುಬಿಡು. ಮನೆಯಲ್ಲಿ ಮಲಗಿರುವ ಅವನ ಮಗುವಿಗೆ ಬೇಕಾದರೆ ಇಟ್ಟುಕೋ.

ಹಂಗಾಮು ಮಾರ್ಚ್‌ವರೆಗೂ ನಡೆಯಬಹುದು. ಅಷ್ಟರಲ್ಲಿ ಅಣ್ಣನನ್ನೋ ಅಪ್ಪನನ್ನೋ ಜೊತೆಗೆ ಕರೆದುಕೊಂಡು ಒಂದು ರಾತ್ರಿ ಆ ಸಾಲಿನ ಬಳಿ ಹೋಗು. ಕಥೆಯ ಮೊದಲೆರಡು ಪುಟ ಚೆನ್ನಾಗಿವೆ, ಅವನ್ನು ಮುಟ್ಟಬೇಡ; ಮೂರನೆಯ ಪುಟದಿಂದ ತಿದ್ದಿ ನನಗೆ ಅಂಚೆಯಲ್ಲೇ ಕಳಿಸು, ಮೊಬೈಲಿನಲ್ಲಿ ಓದಲು ನನ್ನ ಕಣ್ಣು ಒಪ್ಪುವುದಿಲ್ಲ.

ಇಂತಿ,
ನಿನ್ನ ಅಕ್ಕ