ಪಕ್ಕದ ಲ್ಯಾಬಿನ ಮೇಡಂಗೆ ಥ್ಯಾಂಕ್ಸ್

ಮೇಡಂ, ನನ್ನ ಪ್ರೋಟೀನ್ ಅಳತೆಯ ತೊಂದರೆ ಬಿಡಿಸಿಕೊಟ್ಟು, ಹೆಸರು ಕೇಳುವ ಮೊದಲೇ ನೀವು ಹೊರಟುಬಿಟ್ಟಿರಿ. ಅದಕ್ಕೇ ಎಲ್ಲರೆದುರು ಇಲ್ಲೇ ಹೇಳುತ್ತಿದ್ದೇನೆ: ತುಂಬಾ ಥ್ಯಾಂಕ್ಸ್.

ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಬ್ರಾಡ್‌ಫೋರ್ಡ್ ವಿಧಾನ 1976ರಿಂದ ಬಳಕೆಯಲ್ಲಿದೆ. ಕೂಮಾಸಿ ಎಂಬ ಬಣ್ಣದ ಕಂದು ದ್ರಾವಣಕ್ಕೆ ಪ್ರೋಟೀನ್ ಸೇರಿದರೆ ಕೆಲವೇ ನಿಮಿಷದಲ್ಲಿ ನೀಲಿಯಾಗುತ್ತದೆ. ಆ ನೀಲಿಯನ್ನು 595 ನ್ಯಾನೋಮೀಟರ್ ಬೆಳಕಿನಲ್ಲಿ ಓದಿಕೊಂಡರೆ ಆಯಿತು. ಆದರೆ ನನಗಾದಂತೆ, ಪ್ರೋಟೀನೇ ಇಲ್ಲದ ಬಫರ್ (ಪ್ರೋಟೀನನ್ನು ಇಡುವ ದ್ರಾವಣ) ಕೂಡ ನೀಲಿಯಾದರೆ? ಅದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನೀವು ಟ್ಯೂಬ್ ನೋಡಿ ಒಂದೇ ಮಾತು ಕೇಳಿದಿರಿ, "ಬಫರಿನಲ್ಲಿ ಎಸ್‌ಡಿಎಸ್ ಇದೆಯಾ?" ಇತ್ತು. ಎಸ್‌ಡಿಎಸ್ ಒಂದು ಡಿಟರ್ಜೆಂಟ್, ಅದು ತಾನೇ ಬಣ್ಣಕ್ಕೆ ಅಂಟಿಕೊಂಡು ಓದುವ ಅಂಕಿಯನ್ನು ಕೆಡಿಸುತ್ತದೆ ಎಂದು ಬಿಡಿಸಿ ಹೇಳಿದಿರಿ. ಇಷ್ಟಕ್ಕೇ ಬಿಡಬಹುದಿತ್ತು, ಅಲ್ವಾ? ನೀವು ಬಿಡಲಿಲ್ಲ. ಈ ಬಣ್ಣ ಹೆಚ್ಚಾಗಿ ಹಿಡಿಯುವುದು ಪ್ರೋಟೀನಿನಲ್ಲಿರುವ ಆರ್ಜಿನೈನ್ ಎಂಬ ಅಮೈನೋ ಆಮ್ಲವನ್ನು. ಹಾಗಾಗಿ ಒಂದೇ ತೂಕದ ಎರಡು ಪ್ರೋಟೀನ್ ಒಂದೇ ನೀಲಿ ಕೊಡುವುದಿಲ್ಲ. ಹೋಲಿಕೆಗೆ ಸಾಮಾನ್ಯವಾಗಿ ಬಳಸುವ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಜಾಸ್ತಿ ಕೊಡುತ್ತದೆ. ಆಂಟಿಬಾಡಿ ಅಳೆಯುವವರು ಆಂಟಿಬಾಡಿ ಜಾತಿಯದೇ ಪ್ರೋಟೀನಾದ ಗಾಮಾ ಗ್ಲೋಬ್ಯುಲಿನನ್ನೇ ಸ್ಟ್ಯಾಂಡರ್ಡ್ (ಹೋಲಿಕೆಯ ಮಾದರಿ) ಆಗಿ ಇಟ್ಟುಕೊಳ್ಳಬೇಕು ಅಂದಿರಿ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಇದು. ಎಷ್ಟೋ ಜನ ಸುಮ್ನೆ ಬಿಎಸ್‌ಎ ಹಾಕಿ ಮುಂದೆ ಹೋಗುತ್ತಾರೆ.

ಆಮೇಲೆ ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನವಾದ ಬಿಸಿಎಗೆ ಬೇಕಾದ ನಿಮ್ಮ ರೀಜೆಂಟನ್ನೇ ತಂದುಕೊಟ್ಟಿರಿ. ಅದರಲ್ಲಿ ಪ್ರೋಟೀನು ತಾಮ್ರದ ರೂಪ ಬದಲಿಸುತ್ತದೆ, ನೇರಳೆ ಬಣ್ಣ ಬರುತ್ತದೆ, 562 ನ್ಯಾನೋಮೀಟರಿನಲ್ಲಿ ಓದಬೇಕು. ಎಸ್‌ಡಿಎಸ್ ಇದ್ದರೂ ಅದು ತಡೆದುಕೊಳ್ಳುತ್ತದೆ. ತಾನೂ ತಾಮ್ರದ ರೂಪ ಬದಲಿಸುವ ಡಿಟಿಟಿ ಎಂಬ ರಾಸಾಯನಿಕ ಬಫರಿನಲ್ಲಿ ಇದ್ದರೆ ಮಾತ್ರ ಬೇಡ ಎಂದು ಬಾಗಿಲಿನಿಂದಲೇ ಕೂಗಿ ಎಚ್ಚರಿಸಿದಿರಿ.

ಪ್ರೋಟೀನ್ ಇಲ್ಲದ ಟ್ಯೂಬ್ (ಬ್ಲಾಂಕ್) ಈಗ ಸರಿ ಇದೆ, ಸ್ಟ್ಯಾಂಡರ್ಡ್ ಗೆರೆಯೂ ನೇರವಾಗಿ ಬಂದಿದೆ. ಉಳಿದ ರೀಜೆಂಟನ್ನು ನಿಮ್ಮ ಲ್ಯಾಬಿನ ಕಪಾಟಿನಲ್ಲಿ ಇಟ್ಟಿದ್ದೇನೆ.