ಅಮ್ಮಾ, ಆಪರೇಷನ್ ಮುಂದಕ್ಕೆ ಹಾಕಬೇಡ

ಉಪ್ಸಲಾ, ಸ್ವೀಡನ್,
ಡಿಸೆಂಬರ್ 9

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಯ ಕೆಮ್ಮು ವಾಸಿಯಾಗಿದೆ. ನಿನ್ನ ಪತ್ರ ಬಂತು, ಅಣ್ಣ ರಿಪೋರ್ಟಿನ ಫೋಟೋನೂ ಕಳಿಸಿದ್ದಾನೆ.

‘ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿನೇ ಇದೆಯಂತೆ, ಅಂದ್ರೆ ಮೂಳೆ ಗಟ್ಟಿ ಇದೆ ಅಂತ ತಾನೆ? ಈ ವಯಸ್ಸಲ್ಲಿ ಕತ್ತು ಕೊಯ್ಸಿಕೊಳ್ಳೋದು ಯಾಕೆ’ ಅಂತ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ. ಅದು ಪೂರ್ತಿ ಉಲ್ಟಾ ಅಮ್ಮಾ. ಆ ಕ್ಯಾಲ್ಸಿಯಂ ನಿನ್ನ ಮೂಳೆಯಿಂದಲೇ ಕರಗಿ ಬರುತ್ತಿದೆ.

ನಮ್ಮ ಮೈಯಲ್ಲಿ ಸುಮಾರು ಒಂದು ಕೆ.ಜಿ. ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲೇ. ರಕ್ತದಲ್ಲಿ ಓಡಾಡುವುದು ತೀರಾ ಸ್ವಲ್ಪ. ಆದರೆ ಹೃದಯ ಬಡಿಯುವುದು, ಸ್ನಾಯು ಬಿಗಿಯುವುದು, ನರ ಕೆಲಸ ಮಾಡುವುದು ಎಲ್ಲ ಆ ಸ್ವಲ್ಪದ ಮೇಲೇ ನಿಂತಿದೆ. ಅದಕ್ಕೇ ದೇಹ ಅದನ್ನು ನೂರು ಮಿ.ಲೀ. ರಕ್ತಕ್ಕೆ 8.5ರಿಂದ 10.5 ಮಿ.ಗ್ರಾಂ ಒಳಗೆ ಹಿಡಿದಿಡುತ್ತದೆ. ಸ್ವಲ್ಪ ಇಳಿದರೂ ಮೂಳೆಯಿಂದ ತೆಗೆದು ರಕ್ತಕ್ಕೆ ಹಾಕುತ್ತದೆ. ಮೂಳೆ ಅಂದರೆ ಕಣಜ ಇದ್ದ ಹಾಗೆ. ನೀನು ಅಂಗಳದಲ್ಲಿ ಚೆಲ್ಲಿರುವ ಕಾಳು ನೋಡಿ ಕಣಜ ತುಂಬಿದೆ ಅಂದುಕೊಂಡಿದ್ದೀಯ.

ಆ ಕಣಜದ ಬೀಗದ ಕೈ ಇರುವುದು ಕತ್ತಿನಲ್ಲಿ, ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಗ್ರಂಥಿಗಳ ಹತ್ತಿರ. ಪ್ಯಾರಾಥೈರಾಯ್ಡ್ ಅಂತ ಹೆಸರು. ಒಂದೊಂದೂ ಅಕ್ಕಿಕಾಳಿನಷ್ಟು. ಥೈರಾಯ್ಡ್‌ಗೂ ಇವಕ್ಕೂ ಹೆಸರಲ್ಲಿ ಮಾತ್ರ ನಂಟು, ಕೆಲಸ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಇವು ಪಿಟಿಎಚ್ ಅನ್ನೋ ಹಾರ್ಮೋನ್ ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಕಿಡ್ನಿ ತಡೆಹಿಡಿಯುವ ಹಾಗೆ ಮಾಡುತ್ತದೆ, ಅದೇ ಕಿಡ್ನಿಯಲ್ಲಿ ವಿಟಮಿನ್ ಡಿಯನ್ನು ಚುರುಕುಗೊಳಿಸುತ್ತದೆ. ಆ ಡಿ ಕರುಳಿಗೆ ಹೋಗಿ ಊಟದಲ್ಲಿರುವ ಕ್ಯಾಲ್ಸಿಯಂ ಹೀರಿಸುತ್ತದೆ. ಸಾಕಷ್ಟಾದ ಮೇಲೆ ಗ್ರಂಥಿಗಳು ಸುಮ್ಮನಾಗಬೇಕು.

ಈಗ ನಿನ್ನ ರಿಪೋರ್ಟಿನ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡು. ಕ್ಯಾಲ್ಸಿಯಂ 11.6. ಪಿಟಿಎಚ್ 142. ಸಾಮಾನ್ಯವಾಗಿ ಪಿಟಿಎಚ್ 65ರ ಒಳಗಿರುತ್ತದೆ. ಕ್ಯಾಲ್ಸಿಯಂ ಇಷ್ಟು ಏರಿರುವಾಗ ಅದು ತೀರಾ ಕೆಳಗೆ ಬಿದ್ದಿರಬೇಕಿತ್ತು. ಅಂದರೆ ಆ ನಾಲ್ಕರಲ್ಲಿ ಒಂದು ಯಾರ ಮಾತೂ ಕೇಳುತ್ತಿಲ್ಲ. ಸ್ಕ್ಯಾನ್‌ನಲ್ಲಿ ಎಡಗಡೆ ಕೆಳಗೆ ದಪ್ಪಗಾಗಿ ಕಂಡಿದ್ದು ಅದೇ.

ಗಂಟು ಅಂದ ತಕ್ಷಣ ನೀನು ಏನು ಯೋಚಿಸಿರುತ್ತೀಯ ಅಂತ ನನಗೆ ಗೊತ್ತು. ಅದಲ್ಲ ಅಮ್ಮಾ. ಈ ಗ್ರಂಥಿಯಲ್ಲಿ ಕ್ಯಾನ್ಸರ್ ಆಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ. ಅದಾಗಿರುವ ಸಾಧ್ಯತೆ ತೀರಾ ಕಡಿಮೆ. ಹೆದರಲೇಬೇಡ.

ಆದರೆ ಸುಮ್ನೆ ಬಿಟ್ಟರೆ ಮೂಳೆ ಸವೆಯುತ್ತಲೇ ಇರುತ್ತದೆ. ಹೋದ ವರ್ಷ ಜಾರಿದಾಗ ಅಂಗೈ ಊರಿದೆ ಅಷ್ಟೆ, ಮಣಿಕಟ್ಟು ಮುರಿಯಿತು. ಆಗ ಎಲ್ಲರೂ ‘ವಯಸ್ಸಾಯ್ತು’ ಅಂದರು, ನಾನೂ ಅಂದೆ. ಆ ಮಾತು ನೆನೆದರೆ ಈಗ ಸಂಕಟ ಆಗುತ್ತದೆ. ಈ ಕಾಯಿಲೆ ಮುಂಗೈ ಮೂಳೆಯನ್ನು ಹೆಚ್ಚು ಸವೆಸುತ್ತದಂತೆ. ಅದಕ್ಕೂ ಮೊದಲು ಕಿಡ್ನಿ ಕಲ್ಲು. ಎಷ್ಟು ನೀರು ಕುಡಿದರೂ ತಣಿಯದ ಬಾಯಾರಿಕೆ, ರಾತ್ರಿ ಮೂರು ಸಲ ಏಳುವುದು, ಮಲಬದ್ಧತೆ, ಏನೂ ಮಾಡದೆಯೂ ಸುಸ್ತು. ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ಜೊತೆಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಮೂಳೆ ಕರಗಿಸುವ ಜೀವಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದುದೇ ಆ ಹಾರ್ಮೋನ್. ಅದೂ ಇಲ್ಲ, ಇದೂ ಹೀಗೆ ಅಂದರೆ ಮೂಳೆ ಏನು ಮಾಡಬೇಕು?

ಒಂದು ವಿಷಯ ಕೇಳು. ಈ ಗ್ರಂಥಿಗಳನ್ನು ಮನುಷ್ಯರಲ್ಲಿ ಮೊದಲು ಗುರುತಿಸಿ ಹೆಸರಿಟ್ಟವನು ನಾವಿರುವ ಇದೇ ಉಪ್ಸಲಾದವನು. ಇವಾರ್ ಸ್ಯಾಂಡ್‌ಸ್ಟ್ರಾಮ್ ಅಂತ, ಆಗಿನ್ನೂ ವೈದ್ಯಕೀಯ ಓದುತ್ತಿದ್ದ. 1880ರಲ್ಲಿ ಬರೆದು ಪ್ರಕಟಿಸಿದ. ಅವನಿಗೂ ಮೊದಲು ಲಂಡನ್ನಿನ ಝೂನಲ್ಲಿ ಸತ್ತ ಘೇಂಡಾಮೃಗವೊಂದನ್ನು ಕೊಯ್ದಾಗ ರಿಚರ್ಡ್ ಓವನ್ ಈ ಗ್ರಂಥಿ ನೋಡಿದ್ದನಂತೆ. ಆ ಘೇಂಡಾಮೃಗ ನಮ್ಮ ಭಾರತದ್ದು! ಇಲ್ಲಿಯವರಿಗೆ ಇದನ್ನು ಹೇಳಿದೆ, ತುಂಬ ಖುಷಿಪಟ್ಟರು.

ಇಲ್ಲಿ ಈಗ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲೆ. ಚಳಿಗಾಲದ ಬಿಸಿಲಿನಿಂದ ಚರ್ಮಕ್ಕೆ ವಿಟಮಿನ್ ಡಿ ಮಾಡಿಕೊಳ್ಳಲು ಆಗುವುದೇ ಇಲ್ಲ. ಅದಕ್ಕೇ ಎರಡು ವರ್ಷದ ತನಕ ಮಕ್ಕಳಿಗೆ ದಿನಾ ಡಿ ಹನಿ ಹಾಕಿಸುತ್ತಾರೆ. ಪುಟ್ಟಿಗೂ ಹಾಕುತ್ತೇನೆ, ಐದು ಹನಿ, ಚಮಚದಲ್ಲಿ. ನಮ್ಮ ಚಿಂತೆ ಮಾಡಬೇಡ.

ಚಿಕ್ಕಮ್ಮ ‘ಕ್ಯಾಲ್ಸಿಯಂ ಇರೋದೆಲ್ಲ ಬಿಟ್ಟುಬಿಡು’ ಅಂದಿದ್ದಾರಂತಲ್ಲ, ಅದು ಬೇಡ. ಊಟದಲ್ಲಿ ಕಡಿಮೆ ಮಾಡಿದರೆ ಪಿಟಿಎಚ್ ಇನ್ನೂ ಏರಬಹುದು. ಎಂದಿನಂತೆ ಊಟ ಮಾಡು, ನೀರು ಚೆನ್ನಾಗಿ ಕುಡಿ. ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ನುಂಗಬೇಡ. ನಿನ್ನ ಬಿಪಿ ಮಾತ್ರೆಯ ಚೀಟಿಯನ್ನೂ ಅವರಿಗೆ ತೋರಿಸು. ಮೂತ್ರ ಹೆಚ್ಚಿಸುವ ಕೆಲವು ಬಿಪಿ ಮಾತ್ರೆಗಳು ಕ್ಯಾಲ್ಸಿಯಂ ಏರಿಸುತ್ತವೆ.

ಆಪರೇಷನ್ ಬಗ್ಗೆ ಓದಿದ್ದರಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಇದು. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಹಾಗಾಗಿ ಕೆಟ್ಟ ಗ್ರಂಥಿ ತೆಗೆದು ಹತ್ತು ನಿಮಿಷಕ್ಕೆ ರಕ್ತ ಪರೀಕ್ಷೆ ಮಾಡಬಹುದು, ನೀನು ಟೇಬಲ್ ಮೇಲಿರುವಾಗಲೇ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಸರಿಯಾದದ್ದನ್ನೇ ತೆಗೆದಿದ್ದಾರೆ ಅಂತ ಅಲ್ಲೇ ತಿಳಿಯುತ್ತದೆ. ಆ ಪರೀಕ್ಷೆ ನಿಮ್ಮಲ್ಲಿ ಇದೆಯಾ, ಸರ್ಜನ್ ಈ ಆಪರೇಷನ್ ಎಷ್ಟು ಮಾಡಿದ್ದಾರೆ, ಎರಡನ್ನೂ ಅಣ್ಣ ಸಂಕೋಚಪಡದೆ ಕೇಳಲಿ. ದನಿಯ ನರ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ, ಕೈ ಪಳಗಿದವರೇ ಆಗಬೇಕು.

ಆಮೇಲೆ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ ಅಂದರೆ ಸಹಿಸಿಕೊಂಡು ಕೂರಬೇಡ, ಕೂಡಲೇ ನರ್ಸ್‌ಗೆ ಹೇಳು. ಇಷ್ಟು ದಿನ ಕೊಟ್ಟು ಕೊಟ್ಟು ಬರಿದಾದ ಮೂಳೆ ಕ್ಯಾಲ್ಸಿಯಂ ವಾಪಸ್ ಎಳೆದುಕೊಳ್ಳುವಾಗ ರಕ್ತದಲ್ಲಿ ಕಡಿಮೆಯಾಗುತ್ತದೆ. ಆಗ ಮಾತ್ರೆ ಕೊಡುತ್ತಾರೆ, ಸರಿಹೋಗುತ್ತದೆ. ಮೂಳೆ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಏನೂ ಆಗಲ್ಲ ಅಮ್ಮಾ, ನಿಜವಾಗಿ ಏನೂ ಆಗಲ್ಲ.

ಪುಟ್ಟಿಯನ್ನು ಕರೆದುಕೊಂಡು ಬರೋ ಹೊತ್ತಾಯಿತು. ತಾರೀಖು ಗೊತ್ತಾದ ತಕ್ಷಣ ಅಣ್ಣನಿಂದ ಫೋನ್ ಮಾಡಿಸು, ಟಿಕೆಟ್ ತೆಗೆಸುತ್ತೇನೆ. ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು

ರಿಪೋರ್ಟಿನ ಎರಡನೇ ಹಾಳೆ ಫೋಟೋದಲ್ಲಿ ಮಸುಕಾಗಿದೆ. ವಿಟಮಿನ್ ಡಿ ಎಷ್ಟಿದೆ ಅಂತ ಕಾಣಿಸುತ್ತಿಲ್ಲ. ಅಣ್ಣ ಇನ್ನೊಂದು ಸಲ ಕಳಿಸಲಿ.